ಇನ್ನೊಂದ್ ಸುತ್ತು ತಿರುಗ್ಸಪ್ಪ

1.
ಫೋಟೋ ಸ್ವಲ್ಪ ಜೂಮ್ ಮಾಡಿ ನೋಡಿ. ಕಪ್ಪು ಕೊಳವೆ, ತುದಿಯಲ್ಲೊಂದು ತೂತು, ಆ ತೂತಿನಿಂದ ಹೊರಟ ಒಂದು ಸೀಳು. ಫೋಟೋದಲ್ಲಿ ಕೂದಲೆಳೆ ಥರ ಕಾಣ್ತದೆ, ಕೈಯಲ್ಲಿ ಹಿಡಿದರೆ ಉಗುರು ಒಳಗೆ ಹೋಗ್ತದೆ. ಹೊಲಕ್ಕೆ ಔಷಧಿ ಹೊಡೆಯೋ ಡ್ರೋನ್‌ನ ತೋಳು ಇದು. ಕಾರ್ಬನ್ ಫೈಬರ್. ಒಂದೂವರೆ ವರ್ಷದಿಂದ ನನ್ನ ಹಾಸ್ಟೆಲ್ ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಇದೆ. ರೂಮಿನವರು "ಇದ್ಯಾಕೆ ಬಿಸಾಕಲ್ವಾ" ಅಂತ ಎಷ್ಟೋ ಸಲ ಕೇಳಿದಾರೆ. ಉತ್ತರ ಹೇಳಿರಲಿಲ್ಲ. ಈಗ ಹೇಳ್ತೀನಿ.

ನಮ್ಮ ಸೆಕ್ಷನ್ನಿನವರಿಗೆ ನನ್ನ ಪ್ರಾಜೆಕ್ಟ್ ಏನು ಅಂತ ಗೊತ್ತು. "ಬೋಲ್ಟ್ ಹಾಕಿ ಎಳೆಯೋ ಪ್ರಾಜೆಕ್ಟ್" ಅಂತ ಆಡಿಕೊಂಡಿದ್ದೂ ನನಗೆ ಗೊತ್ತು, ಬೇಜಾರಿಲ್ಲ. ಆದರೆ ಅದನ್ನೇ ಯಾಕೆ ತಗೊಂಡೆ ಅನ್ನೋದನ್ನ ಯಾರಿಗೂ ಹೇಳಿರಲಿಲ್ಲ, ಗೈಡ್‌ಗೂ ಸಹ. ಉದ್ದದ ಕಥೆ. ಕ್ಯಾಪ್ಶನ್ ಜಾಗ ಸಾಲಲ್ಲ, ಅದಕ್ಕೇ ಸರಣಿ. ಹಿಂದಿನ ಸರಣಿ (ಪಂಪ್‌ಸೆಟ್ಟು ಯಾಕೆ ಸುಟ್ಟುಹೋಗ್ತದೆ) ಓದಿದವರಿಗೆ ಅಪ್ಪನ ಅಂಗಡಿ ಗೊತ್ತಿರ್ತದೆ. ಹೊಸಬರಿಗೆ: ಊರು ಉಡಿಗಾಲ, ಚಾಮರಾಜನಗರ ಜಿಲ್ಲೆ. ಅಪ್ಪಂದು ರಿಪೇರಿ ಅಂಗಡಿ. ಟ್ರಾಕ್ಟರು, ಟಿಲ್ಲರು, ಪಂಪು, ಸ್ಪ್ರೇಯರು, ಏನು ಬಂದರೂ.

2.
2024ರ ಗೌರಿ ಹಬ್ಬ. ನಾನು ಐದನೇ ಸೆಮ್‌ನಲ್ಲಿದ್ದೆ. ಮೈಸೂರಿಂದ ರೈಲಲ್ಲಿ ಚಾಮರಾಜನಗರಕ್ಕೆ ಬಂದು, ಅಲ್ಲಿಂದ ಬಸ್ಸು ಹತ್ತಿ ಊರು ಸೇರಿದ್ದೆ. ಹಬ್ಬದ ಮಾರನೇ ದಿನ ಪಕ್ಕದ ಊರಿನ ಒಬ್ಬರು ಅಕ್ಕ ಡ್ರೋನ್ ತಂದರು. ಬಾಡಿಗೆಗೆ ಔಷಧಿ ಹೊಡೆಯೋ ಕೆಲಸ ಅವರದು. ಅರಿಶಿನಕ್ಕೆ ಔಷಧಿ ಹೊಡೆಯೋ ಕಾಲ, ದಿನಾ ಬುಕ್ಕಿಂಗು. ಒಂದು ತೋಳಿನ ತುದಿಯಲ್ಲಿ ಮೋಟಾರ್ ಕೂರೋ ಜಾಗ ಅಲ್ಲಾಡ್ತಿತ್ತು. ಕಂಪನಿಯವರು ಬರೋಕೆ ಹತ್ತು ದಿನ ಆಗ್ತದಂತೆ. "ಅಣ್ಣ, ಇದೊಂದು ಬೋಲ್ಟು ಭದ್ರ ಮಾಡ್ಕೊಡಿ ಅಷ್ಟೇ" ಅಂದರು.

ಅಪ್ಪ ನೋಡಿದರು. ಸಣ್ಣ ಬೋಲ್ಟು, 4 ಎಂಎಂ, ಮರೆ ಸವೆದುಹೋಗಿತ್ತು. ತೂತೂ ಸ್ವಲ್ಪ ದೊಡ್ಡದಾಗಿತ್ತು. ಕಬ್ಬಿಣ ಆಗಿದ್ದರೆ ಏನು ಮಾಡ್ತೀವಿ? ತೂತು ದೊಡ್ಡದು ಮಾಡಿ ಮುಂದಿನ ಸೈಜಿನ ಬೋಲ್ಟು ಹಾಕ್ತೀವಿ. ಅಪ್ಪ ಅದನ್ನೇ ಮಾಡಿದರು. ಕೈ ಡ್ರಿಲ್ಲಿಗೆ ಬಿಟ್ಟು ಹಾಕಿ ತೂತು ಕೊರೆದರು. ಬಿಟ್ಟು ಆಚೆ ಬದಿಗೆ ಬಂದಾಗ 'ಚಟ್' ಅಂತ ಒಂದು ಸದ್ದು ಬಂತು. ನನಗೆ ಇವತ್ತೂ ಕಿವೀಲಿದೆ. ಕೈ ಡ್ರಿಲ್ಲು ಅಲ್ವಾ, ತೂತು ಒಂಚೂರು ಮೊಟ್ಟೆಯಾಕಾರ ಆಯ್ತು. 5 ಎಂಎಂ ಬೋಲ್ಟು ಹಾಕಿದರೆ ಇನ್ನೂ ಆಟ ಆಡ್ತಿತ್ತು.

ಅಪ್ಪ ಸ್ಪ್ಯಾನರ್ ಹಿಡಿದು ನಿಧಾನಕ್ಕೆ ಬಿಗಿ ಮಾಡಿದರು. ಒಂದು ಹಂತಕ್ಕೆ ಬಂದು ನಿಂತರು. ನನ್ನ ಕಡೆ ನೋಡಿ, "ಸಾಕಾ ಕೂಸೇ? ಕಬ್ಬುಣ ಆದ್ರ ಕೈಗ ಗೊತ್ತಾಯ್ತದ. ಇದು ಏನೂ ಹೇಳಲ್ಲ ಕನ" ಅಂದರು.

ನಾನು ಮೂರನೇ ವರ್ಷದ ಮೆಕ್ಯಾನಿಕಲ್ಲು. ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್‌ನಲ್ಲಿ ಒಳ್ಳೆ ಮಾರ್ಕ್ಸು. ಅಕ್ಕನ ಮುಂದೆ ಸ್ವಲ್ಪ ಜಂಬವೂ ಇತ್ತು ಅನ್ನಿ. ಕೊಳವೆ ಮುಟ್ಟಿ ಅಲ್ಲಾಡಿಸಿ ಹೇಳಿದೆ: "ಇನ್ನೊಂದ್ ಸುತ್ತು ತಿರುಗ್ಸಪ್ಪ."

ತಿರುಗಿಸಿದರು. ಆಟ ನಿಂತೋಯ್ತು. ಅಕ್ಕ ಖುಷಿಯಾಗಿ ಹೋದರು.

3.
ಮೂರನೇ ದಿನ ಅರಿಶಿನದ ಹೊಲದ ಮೇಲೆ ಆ ತೋಳು ಸೀಳಿ ಡ್ರೋನ್ ಕೆಳಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಹೊಲದಲ್ಲಿ ಜನ ಇದ್ದಿದ್ದು ಬದುವಿನ ಮೇಲೆ, ಡ್ರೋನ್ ಇದ್ದಿದ್ದು ನಡುವೆ. ಅದೃಷ್ಟ ಅಷ್ಟೇ, ಇನ್ನೇನೂ ಇಲ್ಲ.

ಅಪ್ಪ ದುಡ್ಡು ಕೊಟ್ಟರು. ಎಷ್ಟು ಅಂತ ಇಲ್ಲಿ ಬರೆಯಲ್ಲ. ಆ ವರ್ಷ ನಮ್ಮ ಅರಿಶಿನದಲ್ಲಿ ಬಂದದ್ದರಲ್ಲಿ ಒಂದು ದೊಡ್ಡ ಪಾಲು ಅದಕ್ಕೇ ಹೋಯ್ತು. ಅಕ್ಕ ಬೇಡ ಅಂದರು, ಅಪ್ಪ ಕೇಳಲಿಲ್ಲ. "ನನ್ನ ಕೈ ಕೆಲ್ಸ, ನಾನೇ ಕೊಡ್ಬೇಕು." ನಾನು ಪಕ್ಕದಲ್ಲೇ ನಿಂತಿದ್ದೆ. "ಅದು ನಾನು ಹೇಳಿದ್ದು" ಅಂತ ಬಾಯಿಗೆ ಬರಲಿಲ್ಲ. ಅಪ್ಪನೂ ನನ್ನ ಹೆಸರು ಎತ್ತಲಿಲ್ಲ, ಆ ದಿನವೂ ಇಲ್ಲ, ಆಮೇಲೂ ಇಲ್ಲ. ಊರಲ್ಲಿ ಮಾತ್ರ ಮಾತು ಹಬ್ಬಿತು. ಅದಾದ ಮೇಲೆ ಆ ಕಡೆ ಊರುಗಳಿಂದ ಹೊಸ ಥರದ ಮೆಷೀನು ಅಪ್ಪನ ಅಂಗಡಿಗೆ ಬರೋದು ನಿಂತಿತು.

ಮುರಿದ ತೋಳನ್ನ ನಾನು ಎತ್ತಿಟ್ಟುಕೊಂಡೆ. ಮೊದಲ ಫೋಟೋದಲ್ಲಿ ಇರೋದು ಅದೇ.

4.
ಈಗ ಸ್ವಲ್ಪ ಪಾಠ. ಸ್ಕಿಪ್ ಮಾಡ್ಬೇಡಿ, ಇದೇ ಮುಖ್ಯ.

ಕಬ್ಬಿಣಕ್ಕೆ ಒಂದು ಒಳ್ಳೆ ಗುಣ ಇದೆ. ಒಂದು ಜಾಗದಲ್ಲಿ ಒತ್ತಡ ಜಾಸ್ತಿ ಆದರೆ ಅಲ್ಲಿ ಸ್ವಲ್ಪ ಬಗ್ಗಿ, ಅಕ್ಕಪಕ್ಕದವರಿಗೆ ಭಾರ ಹಂಚ್ತದೆ. ತೂತು ಅಂಕುಡೊಂಕಾಗಿದ್ದರೂ ಬೋಲ್ಟು ಒತ್ತಿ ಒತ್ತಿ ತನ್ನ ಜಾಗ ಮಾಡ್ಕೊಳ್ತದೆ. ಕಾಂಪೋಸಿಟ್ ಹಾಗಲ್ಲ. ಅದು ನಾರು ಮತ್ತು ರಾಳ, ಪದರದ ಮೇಲೆ ಪದರ. ನಾರಿನ ಉದ್ದಕ್ಕೆ ಎಳೆದರೆ ಭೀಮ. ಪದರಗಳ ನಡುವೆ ಹಿಡಿದಿರೋದು ಬರೀ ರಾಳ, ಅಲ್ಲಿ ಬಿಡಿಸಿದರೆ ಪರೋಟ ಥರ ಬಿಡ್ತದೆ. ಬಗ್ಗಿ ಹಂಚೋ ಅಭ್ಯಾಸ ಅದಕ್ಕೆ ಇಲ್ಲವೇ ಇಲ್ಲ ಅನ್ನಬಹುದು.

ಬೋಲ್ಟು ಹಾಕಿದ ಪಟ್ಟಿಯನ್ನ ಎಳೆದರೆ ಅದು ಸೋಲೋ ದಾರಿ ಮುಖ್ಯವಾಗಿ ಮೂರು. ಪಟ್ಟಿ ಅಗಲ ಕಮ್ಮಿ ಇದ್ದರೆ ತೂತಿನ ಎರಡೂ ಪಕ್ಕ ಅಡ್ಡಕ್ಕೆ ಹರೀತದೆ. ತೂತು ಅಂಚಿಗೆ ಹತ್ತಿರ ಇದ್ದರೆ ಬೋಲ್ಟು ಅಂಚನ್ನ ಕಿತ್ಕೊಂಡು ಆಚೆ ಬರ್ತದೆ, ಪಂಚ್ ಮಾಡಿದ ಹಾಳೆ ಫೈಲಿನಿಂದ ಕಿತ್ತು ಬರೋ ಹಾಗೆ. ಇವೆರಡೂ ಹೇಳದೆ ಕೇಳದೆ ಆಗ್ತವೆ. ಮೂರನೇದು ಬೇರಿಂಗ್: ಬೋಲ್ಟು ಒತ್ತಿದ ಕಡೆ ತೂತಿನ ಅಂಚು ನಿಧಾನಕ್ಕೆ ಜಜ್ಜಿಹೋಗಿ ತೂತು ಉದ್ದ ಆಗ್ತದೆ. ಇದರಲ್ಲಿ ಮಾತ್ರ ಮುನ್ಸೂಚನೆ ಇರ್ತದೆ, ಸದ್ದು ಬರ್ತದೆ, ಆಟ ಶುರುವಾಗ್ತದೆ. ಹಾಗಾಗಿ ಸೋಲೋದಾದರೆ ಹೀಗೇ ಸೋಲಲಿ ಅಂತ ಡಿಸೈನ್ ಮಾಡ್ತಾರೆ. ತೂತಿನ ನಡುವಿನಿಂದ ಅಂಚಿಗೆ ಬೋಲ್ಟಿನ ವ್ಯಾಸದ 3 ಪಟ್ಟಾದರೂ, ಪಟ್ಟಿಯ ಅಗಲ 5-6 ಪಟ್ಟಾದರೂ ಇಡೋದು ರೂಢಿ. ನಾರೆಲ್ಲ ಒಂದೇ ದಿಕ್ಕಿಗಿದ್ದರೆ ಅಂಚು ಎಷ್ಟು ದೂರ ಇಟ್ಟರೂ ಪ್ರಯೋಜನ ಕಮ್ಮಿ. ಬಿದಿರಿಗೆ ಮೊಳೆ ಹೊಡೆದು ನೋಡಿದವರಿಗೆ ಇದನ್ನ ವಿವರಿಸೋದು ಬೇಕಿಲ್ಲ.

ಅಕ್ಕನ ಡ್ರೋನ್ ಅಲ್ಲಾಡ್ತಿದ್ದುದು ಆ ಮುನ್ಸೂಚನೆಯೇ. ಅದು ಮಾತಾಡ್ತಿತ್ತು. ನಾವು ಬಾಯಿ ಮುಚ್ಚಿಸಿದ್ವಿ.

5.
ಹಾಗಾದರೆ ಬಿಗಿ ಮಾಡೋದೇ ತಪ್ಪಾ? ಅಲ್ಲ. ಇಲ್ಲೇ ನನಗೆ ಆಶ್ಚರ್ಯ ಆಗಿದ್ದು.

ಬಿಗಿ ಮಾಡದೆ, ಬೆರಳಲ್ಲಿ ತಿರುಗಿಸಿ ಬಿಟ್ಟ ಬೋಲ್ಟಿಗಿಂತ, ಅಳತೆಯಾಗಿ ಬಿಗಿ ಮಾಡಿದ ಬೋಲ್ಟಿನ ಜಾಯಿಂಟು ತುಂಬಾ ಗಟ್ಟಿ. ಸ್ವಲ್ಪ ಅಲ್ಲ, ತುಂಬಾ. ಯಾಕೆ ಅಂದರೆ, ತೂತಿನ ಅಂಚು ಜಜ್ಜುವಾಗ ಪದರಗಳು ಪಕ್ಕಕ್ಕೆ ಉಬ್ಬೋಕೆ ನೋಡ್ತವೆ, ಹಳೇ ಪೊರಕೆಯ ತುದಿ ಕೆದರಿಕೊಳ್ಳೋ ಹಾಗೆ. ವಾಷರ್ ಎರಡೂ ಕಡೆಯಿಂದ ಒತ್ತಿ ಹಿಡಿದರೆ ಉಬ್ಬೋಕೆ ಜಾಗ ಇಲ್ಲ. ಜೊತೆಗೆ ಎರಡು ಪಟ್ಟಿಗಳ ನಡುವೆ ಘರ್ಷಣೆ ಹುಟ್ಟಿ ಭಾರದಲ್ಲಿ ಒಂದು ಪಾಲು ಹಾಗೇ ದಾಟಿಹೋಗ್ತದೆ, ಬೋಲ್ಟಿನ ತನಕ ಬರೋದೇ ಇಲ್ಲ. ಅಂದರೆ ಬೋಲ್ಟಿಗಿಂತ ವಾಷರ್ ಮಾಡೋ ಕೆಲಸ ದೊಡ್ಡದು. ನಾವು ಅವತ್ತು ವಾಷರ್ ಹಾಕಿರಲಿಲ್ಲ. ಕೊಳವೆ ದುಂಡಗಿದೆ, ಚಪ್ಪಟೆ ವಾಷರ್ ಕೂರಲ್ಲ ಅಂತ ಬಿಟ್ಟಿದ್ವಿ.

ಲೆಕ್ಕ ಒಂದು ಹಾಕೋಣ. 6 ಎಂಎಂ ಬೋಲ್ಟು, 5 ನ್ಯೂಟನ್-ಮೀಟರ್ ಟಾರ್ಕು. ಟಾರ್ಕನ್ನ ವ್ಯಾಸದಿಂದಲೂ 0.2ರಿಂದಲೂ ಭಾಗಿಸಿದರೆ ಬೋಲ್ಟು ಎಷ್ಟು ಬಲದಿಂದ ಒತ್ತುತ್ತದೆ ಅಂತ ಸುಮಾರಾಗಿ ಸಿಗ್ತದೆ. 0.2 ಅನ್ನೋದು ಒಣ ಮರೆಗೆ ಬಳಸೋ ಅಂದಾಜು. ಉತ್ತರ ಸುಮಾರು 4,200 ನ್ಯೂಟನ್. 425 ಕೆಜಿ ತೂಕ. ಒಂದು ದೊಡ್ಡ ಎತ್ತು ಆ ಚಿಕ್ಕ ವಾಷರ್ ಮೇಲೆ ನಿಂತ ಹಾಗೆ! ಈಗ ಮರೆಗೆ ಎಣ್ಣೆ ಹಚ್ಚಿ. 0.2 ಇದ್ದಿದ್ದು 0.15ರ ಹತ್ತಿರ ಬರ್ತದೆ ಅನ್ನಿ. ಅದೇ ಕೈ, ಅದೇ ಟಾರ್ಕು, ಒತ್ತೋ ಬಲ 5,500 ದಾಟ್ತದೆ. ಕೈಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ.

ನಮ್ಮ ಅಪ್ಪ ಎಲ್ಲಾ ಬೋಲ್ಟಿಗೂ ಎಣ್ಣೆ ಹಚ್ಚೋರು. ತುಕ್ಕು ಹಿಡಿಯಬಾರದು ಅಂತ.

ಚಪ್ಪಟೆ ಪಟ್ಟಿ ಇದನ್ನ ತಡಕೊಳ್ತದೆ. ಆದರೆ ನಮ್ಮ ಕೈಲಿದ್ದಿದ್ದು ಪೊಳ್ಳು ಕೊಳವೆ. ಅಡ್ಡಕ್ಕೆ ಬೋಲ್ಟು ತೂರಿಸಿ ಬಿಗಿ ಮಾಡಿದರೆ ಕೊಳವೆ ಚಪ್ಪಟೆ ಆಗೋಕೆ ಹೊರಡ್ತದೆ, ಪಕ್ಕದ ಗೋಡೆ ಸೀಳ್ತದೆ. ಒಳಗೆ ಒಂದು ಅಲ್ಯೂಮಿನಿಯಂ ಬುಷ್ ಇಟ್ಟು ಆ ಬಲ ಅದರ ಮೇಲೆ ಬೀಳೋ ಹಾಗೆ ಮಾಡ್ಬೇಕಿತ್ತು. "ಇನ್ನೊಂದ್ ಸುತ್ತು" ಅಂದಿದ್ದು ನಾನು.

6.
ಇದು ಫಿಟ್ಟಿಂಗ್ ಬಗ್ಗೆ. ನನ್ನ ಪ್ರಕಾರ ಬಿಗಿಗಿಂತ ದೊಡ್ಡ ವಿಷಯ ಇದೇ, ಯಾರೂ ಮಾತಾಡಲ್ಲ.

ಐರ್ಲೆಂಡಿನ ಲಿಮೆರಿಕ್ ವಿಶ್ವವಿದ್ಯಾಲಯದವರು 2002ರ ಸುಮಾರಿಗೆ ಒಂದು ಸರಳ ಕೆಲಸ ಮಾಡಿದರು. 8 ಎಂಎಂ ಬೋಲ್ಟು, ನಾಲ್ಕು ಥರ ತೂತು: ಒಂದು ಸರಿಯಾಗಿ ಕೂರೋದು, ಉಳಿದವು 80, 160, 240 ಮೈಕ್ರಾನ್ ಸಡಿಲ. 240 ಮೈಕ್ರಾನ್ ಅಂದರೆ ಎಂಎಂನ ಕಾಲು ಭಾಗವೂ ಇಲ್ಲ, ಅಪ್ಪನ ಅಂಗಡಿಯಲ್ಲಿ ಅದು ಲೆಕ್ಕಕ್ಕೇ ಬರಲ್ಲ. ಒಂದೇ ಬೋಲ್ಟಿನ ಜಾಯಿಂಟಿನಲ್ಲಿ ಸಡಿಲ ಜಾಸ್ತಿ ಆದ ಹಾಗೆ ಜಾಯಿಂಟು ಹೆಚ್ಚು ಜಗ್ಗಿತು, ಆದರೆ ಕೊನೆಯ ಶಕ್ತಿ ಅಷ್ಟೇನೂ ಇಳಿಯಲಿಲ್ಲ. "ಹಂಗಾದ್ರೆ ಏನ್ ತೊಂದ್ರೆ" ಅನ್ನಿಸ್ತದಲ್ವಾ? ತೊಂದರೆ ಇರೋದು ಬೋಲ್ಟು ಒಂದಕ್ಕಿಂತ ಹೆಚ್ಚಾದಾಗ. ಸಾಲಾಗಿ ಮೂರು ಬೋಲ್ಟಿದ್ದು ಒಂದರ ತೂತು ಮಾತ್ರ ಸರಿಯಾಗಿದ್ದು ಉಳಿದವು ಸಡಿಲ ಇದ್ದರೆ, ಸರಿಯಾಗಿರೋದರ ಮೇಲೇ ಭಾರ ಬೀಳ್ತದೆ. ಅದೇ ಮೊದಲು ಕೆಡೋಕೆ ಶುರುವಾಗ್ತದೆ.

ಎತ್ತಿನ ನೊಗ ನೆನಪು ಮಾಡ್ಕೊಳ್ಳಿ. ಒಂದು ಎತ್ತಿನ ಹಗ್ಗ ಬಿಗಿ, ಇನ್ನೊಂದರದು ಸಡಿಲ. ಗಾಡಿ ಎಳೆಯೋದು ಯಾವುದು? ನೋಡೋಕೆ ಎರಡೂ ಎತ್ತು ನಡೀತಿರ್ತವೆ.

ಹಾಗಂತ ತೂತಿಗಿಂತ ದಪ್ಪ ಬೋಲ್ಟನ್ನ ಸುತ್ತಿಗೆಯಲ್ಲಿ ಹೊಡೆದು ಕೂರಿಸೋದಾ? ಕಬ್ಬಿಣದಲ್ಲಿ, ಅಲ್ಯೂಮಿನಿಯಂನಲ್ಲಿ ಅದು ಒಳ್ಳೇದೂ ಆಗ್ತದೆ. ತಾತನ ಕಾಲದ ಗಾಡಿ ಚಕ್ರ ನಮ್ಮ ಹಿತ್ತಲಲ್ಲಿ ಈಗಲೂ ಇದೆ (ನಾಲ್ಕನೇ ಫೋಟೋ). ಕಬ್ಬಿಣದ ಪಟ್ಟಿಯನ್ನ ಚಕ್ರದ ಅಳತೆಗಿಂತ ಒಂಚೂರು ಚಿಕ್ಕದು ಮಾಡಿ, ಬೆಂಕಿಯಲ್ಲಿ ಕಾಯಿಸಿ ದೊಡ್ಡದಾದಾಗ ತೊಡಿಸಿ, ನೀರು ಸುರಿದು ಕುಗ್ಗಿಸ್ತಿದ್ದರಂತೆ. ಕುಗ್ಗಿದ ಪಟ್ಟಿ ಮರದ ತುಂಡುಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡೀತದೆ. ಮರವೂ ನಾರಿನದೇ, ಒಂಥರ ಕಾಂಪೋಸಿಟ್ಟೇ. ಆದರೆ ಗಮನಿಸಿ: ಪಟ್ಟಿ ಹೊರಗಿಂದ ಒಳಕ್ಕೆ ಒತ್ತುತ್ತದೆ. ದಪ್ಪ ಬೋಲ್ಟು ಒಳಗಿಂದ ಹೊರಕ್ಕೆ ದೂಡ್ತದೆ. ಒತ್ತಿದರೆ ನಾರು ಕೂಡ್ತದೆ, ದೂಡಿದರೆ ಪದರ ಬಿಡ್ತದೆ. ವಿಮಾನದವರು ಕಾಂಪೋಸಿಟ್‌ನಲ್ಲಿ ಆ ಥರ ಬಿಗಿ ಫಿಟ್ ಬೇಕೆಂದರೆ ಮೊದಲು ತೆಳು ತೋಳುಕವಚ ಕೂರಿಸಿ, ಅದರೊಳಗೆ ಪಿನ್ ಎಳೀತಾರೆ. ಉಜ್ಜಾಟ ಎಲ್ಲ ಆ ಕವಚಕ್ಕೆ, ನಾರಿಗಲ್ಲ.

ಇನ್ನೊಂದು. ಅವತ್ತು ಅಪ್ಪ ಹಾಕಿದ್ದು ಉದ್ದಕ್ಕೂ ಮರೆ ಇರೋ ಬೋಲ್ಟು, ಅಂಗಡಿಯಲ್ಲಿ ಅದೇ ಇದ್ದಿದ್ದು. ತೂತಿನೊಳಗೆ ಮರೆ ಕೂತರೆ ಅದು ಬೋಲ್ಟಲ್ಲ, ಅರ. ಮೋಟಾರ್ ನಡುಗಿದಷ್ಟು ಸಲ ಉಜ್ಜಿರ್ತದೆ. ತೂತಿನೊಳಗೆ ನುಣುಪು ಕಡ್ಡಿಯ ಭಾಗ ಬರೋ ಹಾಗೆ ಬೋಲ್ಟಿನ ಉದ್ದ ಆರಿಸ್ಬೇಕು. ಮೂರು ದಿನದಲ್ಲಿ ಯಾಕೆ ಹೋಯ್ತು ಅನ್ನೋದಕ್ಕೆ ಈಗ ನನ್ನ ಹತ್ರ ನಾಲ್ಕು ಕಾರಣ ಇದೆ, ಯಾವುದು ಮೊದಲು ಕೊಂದಿತು ಅಂತ ಹೇಳೋಕಾಗಲ್ಲ.

7.
2025ರ ಫೆಬ್ರವರಿಯಲ್ಲಿ ಯಲಹಂಕದ ಏರ್ ಶೋಗೆ ಹೋಗಿದ್ವಿ, ಆ ಗುಂಪು ಫೋಟೋ ನೆನಪಿದೆಯಲ್ಲ. ನೀವೆಲ್ಲ ತೇಜಸ್ ತಲೆಕೆಳಗಾಗಿ ಹಾರುವಾಗ ವಿಡಿಯೋ ಮಾಡ್ತಿದ್ರಿ. ನಾನು ನಿಂತಿರೋ ವಿಮಾನದ ರೆಕ್ಕೆಯಲ್ಲಿ ಬೋಲ್ಟಿನ ತಲೆ ಹುಡುಕ್ತಿದ್ದೆ.

ತೇಜಸ್‌ನ ಒಡಲಿನ ತೂಕದಲ್ಲಿ ಸುಮಾರು 45 ಪ್ರತಿಶತ ಕಾಂಪೋಸಿಟ್. ಬೆಂಗಳೂರಿನಲ್ಲೇ ಎಡಿಎ, ಎನ್‌ಎಎಲ್, ಎಚ್‌ಎಎಲ್ ಸೇರಿ ಕಟ್ಟಿದ್ದು. ಮೊದಲ ಹಾರಾಟ 2001ರ ಜನವರಿ 4. ಬಿಡಿಭಾಗಗಳನ್ನ ಬೇರೆ ಬೇರೆ ಮಾಡಿ ಆಮೇಲೆ ಬೋಲ್ಟು ಹಾಕೋ ಬದಲು ಒಟ್ಟಿಗೇ ಬೇಯಿಸಿ ಒಂದೇ ತುಂಡು ಮಾಡಿದ್ದರಿಂದ ಸುಮಾರು 2,000 ತೂತು ಕೊರೆಯೋದೇ ತಪ್ಪಿತಂತೆ. ಓದಿದಾಗ ನಗು ಬಂತು. ಒಳ್ಳೇ ತೂತು ಕೊರೆಯೋದು ಹೇಗೆ ಅಂತ ನಾನು ತಲೆ ಕೆಡಿಸ್ಕೊಂಡಿದ್ರೆ, ಅವರು ತೂತೇ ಬೇಡ ಅಂತ ಕೂತಿದ್ದಾರೆ!

ಆದರೂ ಪೂರ್ತಿ ತಪ್ಪಲ್ಲ. ರೆಕ್ಕೆ ಕಳಚಬೇಕು, ಬಾಗಿಲು ತೆಗೀಬೇಕು, ರಿಪೇರಿ ಮಾಡ್ಬೇಕು. ಬೋಲ್ಟು ಬೇಕೇ ಬೇಕು. ಕಾರ್ಬನ್ ಜೊತೆ ಅಲ್ಯೂಮಿನಿಯಂ ಸೇರಿ ತೇವ ತಾಗಿದರೆ ಅಲ್ಯೂಮಿನಿಯಂ ತಿಂದುಹೋಗ್ತದೆ, ಅದಕ್ಕೇ ಅಲ್ಲಿ ಟೈಟಾನಿಯಂ ಬೋಲ್ಟು. ದೊಡ್ಡವರಿಗೂ ಇದು ಸುಲಭ ಇಲ್ಲ. 2008ರಲ್ಲಿ ಬೋಯಿಂಗ್ 787ರ ಮೊದಲ ವಿಮಾನಗಳಲ್ಲಿ ಸಾವಿರಾರು ಫಾಸ್ಟೆನರ್ ಸರಿಯಾಗಿ ಕೂತಿಲ್ಲ ಅಂತ ಗೊತ್ತಾಗಿ ತೆಗೆದು ಮತ್ತೆ ಹಾಕಿದರು. ಅದನ್ನ ಓದಿದ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳೋಣ ಅನ್ನಿಸಿತ್ತು. ಮಾಡಿದೆ ಕೂಡ. ಊಟ ಆಯ್ತಾ ಅಂತ ಕೇಳಿ ಇಟ್ಟೆ.

8.
ಪ್ರಾಜೆಕ್ಟ್. ಕಾರ್ಬನ್ ದುಬಾರಿ, ಗಾಜಿನ ನಾರು ಮತ್ತು ಇಪಾಕ್ಸಿ ತಗೊಂಡ್ವಿ. ಮೂವರು ಸೇರಿ ದುಡ್ಡು ಹಾಕಿ ಹಾಳೆ ಮಾಡಿಸಿ ಪಟ್ಟಿ ಕತ್ತರಿಸಿದ್ವಿ. ಮೊದಲ ಕಂತಿನ ತೂತುಗಳನ್ನ ಹೊರಗೆ ಒಂದು ವರ್ಕ್‌ಶಾಪಿನಲ್ಲಿ ಕೊರೆಸಿದ್ವಿ. ತಂದು ಬೆಳಕಿಗೆ ಹಿಡಿದರೆ ತೂತಿನ ಸುತ್ತ ಬಿಳಿ ಉಂಗುರ. ಪದರ ಬಿಟ್ಟಿತ್ತು. ಪ್ರತಿಯೊಂದರಲ್ಲೂ. ಬಿಟ್ಟು ಆಚೆ ಬದಿಗೆ ಬರುವಾಗ ಕೊನೆಯ ಪದರವನ್ನ ಕತ್ತರಿಸೋ ಬದಲು ತಳ್ಳಿಬಿಡ್ತದೆ. ಅವತ್ತಿನ 'ಚಟ್' ಸದ್ದು ಏನು ಅಂತ ನನಗೆ ಆಗ ಗೊತ್ತಾಯ್ತು. ಹಾಸ್ಟೆಲ್ ಟೆರೇಸಲ್ಲಿ ಕೂತು ಅತ್ತೆ, ಅದೂ ಪಟ್ಟಿ ಹಾಳಾಗಿದ್ದಕ್ಕಲ್ಲ.

ಸಬ್‌ಮಿಶನ್ನಿಗೆ ಆರು ವಾರ ಇತ್ತು. ಮತ್ತೆ ಪಟ್ಟಿ ಮಾಡಿಸಿದ್ವಿ. ಜೂನಿಯರ್‌ಗಳು ಇದನ್ನ ಸೇವ್ ಮಾಡ್ಕೊಳ್ಳಿ: ಕೆಳಗೆ ಮರದ ಹಲಗೆ ಇಟ್ಟು ಕ್ಲಾಂಪ್ ಹಾಕಿಯೇ ಕೊರೆಯಿರಿ. ಕಾರ್ಬೈಡ್ ಬಿಟ್ಟು, ಹೊಸದು, ಮೊಂಡಾದರೆ ಬದಲಾಯಿಸಿ. ವೇಗ ಜಾಸ್ತಿ, ತಳ್ಳೋದು ನಿಧಾನ. ತೂತನ್ನ ಸ್ವಲ್ಪ ಚಿಕ್ಕದಾಗಿ ಕೊರೆದು ಕೊನೆಗೆ ರೀಮರ್ ಹಾಕಿ ಅಳತೆಗೆ ತನ್ನಿ. ಮಾಸ್ಕ್ ಇಲ್ಲದೆ ಕೊರೀಬೇಡಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ, ಮೈಯೆಲ್ಲ ತುರಿಕೆ ಬೇರೆ.

ಯುಟಿಎಂನಲ್ಲಿ ಎಳೆದಾಗ ಪುಸ್ತಕ ಹೇಳಿದ್ದೇ ಆಯ್ತು. ಬೆರಳ ಬಿಗಿಯ ಪಟ್ಟಿಗಳು ಬೇಗ ಸದ್ದು ಮಾಡಿದವು, ಬಿಗಿ ಮಾಡಿದವು ತಡವಾಗಿ. ಒಂದು ಗುಂಪಿನ ಪಟ್ಟಿಗಳು ಮಾತ್ರ ಎಲ್ಲಕ್ಕಿಂತ ಸೊಗಸಾದ ನಂಬರು ಕೊಟ್ಟವು. ಸಂಶಯ ಬಂದು ಕೇಳಿದರೆ, ಟಾರ್ಕ್ ರೆಂಚ್ ಬೇರೆ ಲ್ಯಾಬಿಗೆ ಹೋಗಿದ್ದ ದಿನ ಟೀಮಿನ ಹುಡುಗ ಅವನ್ನ ಕೈಯಂದಾಜಲ್ಲಿ ಬಿಗಿ ಮಾಡಿದ್ದ, ಜೋರಾಗಿ. "ನಂಬರ್ ಚೆನ್ನಾಗಿದೆ, ಇಟ್ಕೊಳ್ಳೋಣ ಬಿಡೇ" ಅಂದ. ಅವನದೂ ತಪ್ಪಲ್ಲ, ಪಟ್ಟಿ ಮಾಡಿಸೋಕೆ ದುಡ್ಡು ಉಳಿದಿರಲಿಲ್ಲ. ಆದರೆ ಆ ಬಿಗಿ ನಿಲ್ಲಲ್ಲ. ರಾಳ ಒತ್ತಡದಲ್ಲಿ ನಿಧಾನಕ್ಕೆ ತಗ್ಗುತ್ತಾ ಹೋಗ್ತದೆ, ಬಿಸಿಲು ತೇವ ಇದ್ದರೆ ಇನ್ನೂ ಬೇಗ. ಇವತ್ತು 425 ಕೆಜಿ ಒತ್ತಿದ್ದು ಕೆಲವು ತಿಂಗಳಲ್ಲಿ ಅಷ್ಟಿರಲ್ಲ. ಘರ್ಷಣೆಯ ಮೇಲೆ ಭರವಸೆ ಇಟ್ಟು ಡಿಸೈನ್ ಮಾಡಿದರೆ ಮೊದಲ ದಿನ ಪಾಸು, ಆಮೇಲೆ ದೇವರೇ ಗತಿ. ಎರಡು ರಾತ್ರಿ ಜಗಳ ಆಡಿ ಆ ಪಟ್ಟಿಗಳನ್ನ ಕೋಷ್ಟಕದಿಂದ ತೆಗೆದ್ವಿ. ಯಾಕೆ ತೆಗೆದ್ವಿ ಅಂತ ರಿಪೋರ್ಟಲ್ಲಿ ಒಂದು ಪ್ಯಾರಾ ಬರೆದಿದ್ದೀನಿ. ವೈವಾದಲ್ಲಿ ಅದನ್ನೇ ಕೇಳ್ತಾರೆ ಅಂತ ಎಲ್ಲರೂ ಹೆದರಿಸ್ತಿದ್ದಾರೆ. ಕೇಳಲಿ.

9.
ಯುಗಾದಿಗೆ ಊರಿಗೆ ಹೋಗಿದ್ದೆ. ಉಳಿದ ಪಟ್ಟಿಗಳನ್ನೂ, ಒಂದು ವಾರಕ್ಕೆ ಅಂತ ಕೇಳಿ ತಂದ ಡಯಲ್ ಇರೋ ಟಾರ್ಕ್ ರೆಂಚನ್ನೂ ಬ್ಯಾಗಲ್ಲಿ ಹಾಕಿಕೊಂಡೇ ಹೋದೆ. ಬೇವುಬೆಲ್ಲ ಆದ ಮೇಲೆ ಅಂಗಡಿಗೆ ಹೋಗಿ ಅಪ್ಪನ ಮುಂದೆ ಇಟ್ಟೆ. "ಅಪ್ಪ, ಈ ಎಂಟು ಬೋಲ್ಟು ನಿನ್ನ ಕೈಗೆ ಸರಿ ಅನ್ನಿಸೋಷ್ಟು ಬಿಗಿ ಮಾಡು."

"ಯಾಕ?"

"ಮಾಡು."

ಮಾಡಿದರು. ಒಂದೊಂದನ್ನೇ ಮತ್ತೆ ರೆಂಚಲ್ಲಿ ಅಳೆದೆ. ನಾನು ಅಂದ್ಕೊಂಡಿದ್ದು ಒಂದೊಂದು ಒಂದೊಂದು ಥರ ಇರ್ತದೆ ಅಂತ. ಎಂಟೂ ಹತ್ತಿರ ಹತ್ತಿರ ಇದ್ದವು. ಮೆಷೀನ್ ಥರದ ಕೈ. ಆದರೆ ಎಂಟೂ ಬೇಕಾದ್ದಕ್ಕಿಂತ ಜಾಸ್ತಿ. ಮೂವತ್ತು ವರ್ಷ ಕಬ್ಬಿಣದ ಜೊತೆ ಮಾತಾಡಿದ ಕೈ ಅದು, ಕಬ್ಬಿಣಕ್ಕೆ ಬೇಕಾದಷ್ಟೇ ಕೊಡ್ತದೆ.

ಡಯಲ್ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ನೋಡಿ, ಸುಮ್ಮನಿದ್ದರು.

ಆಗ ಹೇಳಿದೆ. ಅವತ್ತು ನೀನು ಸರಿಯಾದ ಜಾಗದಲ್ಲೇ ನಿಲ್ಲಿಸಿದ್ದೆ, ಏನೂ ಗೊತ್ತಾಗ್ತಿಲ್ಲ ಅಂತ ಹೇಳಿದ್ದೆ, ನಾನು ಇನ್ನೊಂದು ಸುತ್ತು ಅಂದೆ. ದುಡ್ಡು ಕೊಟ್ಟಾಗ ನಾನು ಬಾಯಿ ಬಿಡಲಿಲ್ಲ. ಹೀಗೆ ಒಂದೇ ಉಸಿರಲ್ಲಿ ಹೇಳಿಬಿಟ್ಟೆ, ಪಕ್ಕದಲ್ಲಿ ಗಿರಾಕಿ ಕೂತಿದ್ದು ಆಮೇಲೆ ನೋಡಿದೆ.

ಅಪ್ಪ ನಟ್ಟು ಬಿಚ್ಚುತ್ತಾ ಅಂದರು: "ಬುಡು ಕೂಸೇ. ತೂತ ಕೊರ್ದೋನು ನಾನೇ ಅಲ್ವಾ."

ಸ್ವಲ್ಪ ಹೊತ್ತಾದ ಮೇಲೆ, ಮುಖ ಎತ್ತದೆ: "ಎಣ್ಣ ಹಾಕ್ಬಾರ್ದಾಗಿತ್ತಾ?"

ಹಾಕಬಹುದು, ಆದರೆ ಹಾಕಿದರೆ ಟಾರ್ಕು ಕಮ್ಮಿ ಮಾಡ್ಬೇಕು ಅಂದೆ. ಯಾಕೆ ಅಂದರು. ಅಂಗಡಿಯ ಗೋಡೆ ಮೇಲೆ, ಕ್ಯಾಲೆಂಡರ್ ಪಕ್ಕ, ಸೀಮೆಸುಣ್ಣದಲ್ಲಿ ಲೆಕ್ಕ ಬರೆದೆ. ಕೊನೆಯ ಫೋಟೋ ಅದೇ. 4,200, 5,500, ಎತ್ತಿನ ಚಿತ್ರ. ಎತ್ತು ಕೆಟ್ಟದಾಗಿದೆ, ಗೊತ್ತು.

ಗಿರಾಕಿ ಎದ್ದು ಬಂದು ಗೋಡೆ ನೋಡಿ, ತಮ್ಮ ನೀರಿನ ಟ್ಯಾಂಕು ಫೈಬರ್‌ದು, ಪೈಪ್ ಜಾಯಿಂಟಲ್ಲಿ ಸೋರ್ತದೆ, ಎಷ್ಟು ಬಿಗಿ ಮಾಡಿದ್ರೂ ನಿಲ್ಲಲ್ಲ ಅಂದರು. ಅಪ್ಪ ನನ್ನ ಕಡೆ ನೋಡಿದರು. ನಾನು ಅಪ್ಪನ ಕಡೆ ನೋಡಿದೆ.

"ಬಿಗಿ ಮಾಡ್ಬ್ಯಾಡಿ, ಮೊದ್ಲು ವಾಸರ್ ಏನಾಗದ ನೋಡವಾ," ಅಂತ ಅಪ್ಪ ಎದ್ದು ಬೈಕಿನ ಕೀ ತಗೊಂಡರು.

(ವೈವಾ ಮುಂದಿನ ಬುಧವಾರ. ತೋಳನ್ನ ತಗೊಂಡು ಹೋಗ್ತಿದ್ದೀನಿ, ಟೇಬಲ್ ಮೇಲೆ ಇಡ್ತೀನಿ. ಸೀಳು ಕಾಣೋ ಬದಿ ಮೇಲಕ್ಕೆ.)